ಸೂರ್ಯಕಾಂತಿ ಹಿಂಡಿಯಿಂದ ಪ್ರೋಟೀನ್ ಬಿಸ್ಕೆಟ್: ರಾತ್ರೋರಾತ್ರಿ ಹಸಿರಾದ ಒಂದು ಬ್ಯಾಚ್‌ನ ಕಥೆ

ಬೆಳಿಗ್ಗೆ ಡಬ್ಬಿ ಮುಚ್ಚಳ ತೆಗೆದು ಒಂದು ಬಿಸ್ಕೆಟ್ ಮುರಿದ್ರೆ ಒಳಗೆಲ್ಲ ಹಸಿರು, ಪಾಚಿ ಕಟ್ಟಿದ ಕಲ್ಲಿನ ಹಾಗೆ. ಹಿಂದಿನ ಸಾಯಂಕಾಲ ಓವನ್‌ನಿಂದ ತೆಗೆದಾಗ ಅದೇ ಬಿಸ್ಕೆಟ್ ಚೆನ್ನಾಗಿ ಕೆಂಪಗೆ ಬೆಂದಿತ್ತು, ತಿಂದವರೆಲ್ಲ ಪರವಾಗಿಲ್ಲ ಅಂದಿದ್ರು, ನಾನಂತೂ ಇನ್ನೇನು ಫಾರ್ಮುಲಾ ಫೈನಲ್ ಮಾಡೋದೇ ಅಂದ್ಕೊಂಡು ಮನೆಗೆ ಹೋಗಿದ್ದೆ. ಬೇಕರಿ ಹುಡುಗ "ಬೂಸ್ಟು ಬಂದಿದೆ ಸರ್, ಎಲ್ಲಾ ಬಿಸಾಕ್ಬೇಕು" ಅಂದ. ಮೂಸಿ ನೋಡಿದ್ರೆ ಮುಗ್ಗಲು ವಾಸನೆ ಇಲ್ಲ. ಬೂಸ್ಟು ಮೇಲಿಂದ ಒಳಗೆ ಹೋಗುತ್ತೆ, ಇದು ನಡುವಿನಿಂದ ಅಂಚಿನ ಕಡೆಗೆ ಹಬ್ಬಿತ್ತು, ಅದೂ ಒಂದೇ ಸಮ. ಆ ಬಣ್ಣ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋಗಿದ್ದೇ ಈ ಕೇಸ್‌ನ ಮುಖ್ಯ ಭಾಗ, ಅದಕ್ಕೇ ಮೊದಲು ಅದನ್ನೇ ಹೇಳಿದೆ.

ಹಿನ್ನೆಲೆ ಇಷ್ಟು. ಒಂದು ಎಣ್ಣೆ ಗಾಣ, ಅದಕ್ಕೆ ಸೇರಿದ ಒಂದು ಸಣ್ಣ ಬೇಕರಿ ಯೂನಿಟ್, ಎರಡೂ ಒಂದೇ ಕಾಂಪೌಂಡ್ ಒಳಗೆ. ಬೇಕರಿಯಿಂದ ಮಕ್ಕಳಿಗೆ ಅಂತ ಬಿಸ್ಕೆಟ್ ಹೋಗ್ತಿತ್ತು, ಅದರಲ್ಲಿ ಪ್ರೋಟೀನ್ ಜಾಸ್ತಿ ಮಾಡಿ, ಕಬ್ಬಿಣಾಂಶನೂ ಸೇರಿಸಿ ಕೊಡಿ ಅಂತ ತಗೊಳ್ಳೋರ ಕಡೆಯಿಂದ ಬೇಡಿಕೆ ಬಂತು. ಹೊರಗಿಂದ ಪ್ರೋಟೀನ್ ಪೌಡರ್ ತರಿಸೋ ಬದಲು, ಪಕ್ಕದ ಗಾಣದಲ್ಲೇ ದಿನಾ ಮೂಟೆಗಟ್ಟಲೆ ಬೀಳೋ ಸೂರ್ಯಕಾಂತಿ ಹಿಂಡಿ ಇದೆಯಲ್ಲ, ಅದನ್ನೇ ಯಾಕೆ ಬಳಸಬಾರದು ಅಂತ ಯಜಮಾನ್ರು ಕೇಳಿದ್ರು. ಪ್ರಶ್ನೆ ಸರಿಯಾಗೇ ಇತ್ತು. ಬೀಜದಿಂದ ಎಣ್ಣೆ ಹೋದ್ಮೇಲೆ ಪ್ರೋಟೀನ್ ಎಲ್ಲಾ ಹಿಂಡಿಯಲ್ಲೇ ಉಳಿಯುತ್ತೆ, ಸಿಪ್ಪೆ ಎಷ್ಟರಮಟ್ಟಿಗೆ ತೆಗೆದಿದ್ದಾರೆ ಅನ್ನೋದರ ಮೇಲೆ 30ರಿಂದ 40 ಪರ್ಸೆಂಟ್‌ವರೆಗೂ ಸಿಗುತ್ತೆ, ಪೂರ್ತಿ ಸಿಪ್ಪೆ ಮತ್ತು ಎಣ್ಣೆ ತೆಗೆದ ಹಿಟ್ಟಲ್ಲಿ 50 ದಾಟುತ್ತೆ. ಗೋಧಿ ಹಿಟ್ಟಲ್ಲಿ 10ರಿಂದ 12 ಅಷ್ಟೇ. ಪ್ರಪಂಚದಲ್ಲಿ ವರ್ಷಕ್ಕೆ 5 ಕೋಟಿ ಟನ್ ಆಸುಪಾಸು ಸೂರ್ಯಕಾಂತಿ ಬೀಜ ಬೆಳೀತಾರೆ, ರಷ್ಯಾ ಮತ್ತು ಯುಕ್ರೇನ್ ಮುಂದಿವೆ, ಅಷ್ಟೂ ಬೀಜದ ಹಿಂಡಿ ಹೆಚ್ಚುಕಮ್ಮಿ ಪೂರ್ತಿ ದನ, ಕೋಳಿ ಮೇವಿಗೇ ಹೋಗುತ್ತೆ. ಮೇವಿಗೆ ಹೋಗೋದು ತಪ್ಪಲ್ಲ, ಆದ್ರೆ ಮನುಷ್ಯರು ನೇರವಾಗಿ ತಿನ್ನಬಹುದಾದ ಪ್ರೋಟೀನ್ ಇಷ್ಟೊಂದು ಇದೆಯಲ್ಲ ಅನ್ನೋದು ನನ್ನನ್ನ ಬಹಳ ವರ್ಷದಿಂದ ಕಾಡಿದ ವಿಷಯ.

ಮೊದಲ ದಿನ ಗಾಣಕ್ಕೆ ಹೋಗಿ ನೋಡಿದಾಗ ಮನಸ್ಸಿಗೆ ಬೇಜಾರಾಯ್ತು. ಗಾಣದ ಒಂದು ಬಾಯಿಂದ ಬೀಳೋ ಎಣ್ಣೆ ತೊಳೆದ ಸ್ಟೀಲ್ ಪಾತ್ರೆಗೆ ಹೋಗ್ತಿತ್ತು, ಇನ್ನೊಂದು ಕಡೆಯಿಂದ ಚಕ್ಕೆ ಚಕ್ಕೆಯಾಗಿ ಬರೋ ಹಿಂಡಿ ನೆಲಕ್ಕೆ. ಅಲ್ಲೇ ಚಪ್ಪಲಿ ಕಾಲಲ್ಲಿ ಓಡಾಟ, ಸಲಿಕೆಯಲ್ಲಿ ಗುಡ್ಡೆ ಮಾಡಿ ಹಳೇ ಗೋಣಿಚೀಲಕ್ಕೆ ತುಂಬೋದು, ಚೀಲ ಗೋಡೆಗೆ ಒರಗಿಸಿಡೋದು. ಬೀಜ ಒಂದೇ, ಯಂತ್ರ ಒಂದೇ, ಹೊರಗೆ ಬರೋ ಎರಡರಲ್ಲಿ ಒಂದು ಮಾತ್ರ ಆಹಾರ ಅಂತ ಲೆಕ್ಕ. "ದನ ತಿನ್ನೋದಲ್ವಾ ಸರ್" ಅಂದ್ರು ಗಾಣದವರು, ಅವರ ಪ್ರಕಾರ ಅದು ಸರಿಯೇ, ಇಲ್ಲಿವರೆಗೂ ಯಾರೂ ಬೇರೆ ರೀತಿ ಹೇಳಿರ್ಲಿಲ್ಲ.

ಅದಕ್ಕೆ ಫಾರ್ಮುಲಾ ಮುಟ್ಟೋ ಮೊದಲು ಆ ನೆಲದ ವಿಷಯ ಮುಗಿಸಿದ್ವಿ. ಗಾಣದ ಬಾಯಿಗೇ ಸ್ಟೀಲ್ ತಟ್ಟೆ, ಅಲ್ಲಿಂದ ಮುಚ್ಚಳ ಇರೋ ಡ್ರಮ್, ಬಿಸಿ ಆರೋವರೆಗೂ ತೆಳ್ಳಗೆ ಹರಡೋದು (ಬಿಸಿಯಲ್ಲೇ ತುಂಬಿದ್ರೆ ಡ್ರಮ್ ಒಳಗೆ ಬೆವರಿ ನೀರಿಳಿಯುತ್ತೆ, ಅಲ್ಲಿಂದಲೇ ಬೂಸ್ಟು ಶುರು), ತೇವಾಂಶ 10 ಪರ್ಸೆಂಟ್ ಒಳಗೆ, ಪುಡಿ ಮಾಡೋ ಮೊದಲು ಮ್ಯಾಗ್ನೆಟ್ ಮೇಲೆ ಹಾಯಿಸೋದು. ಪ್ರತಿ ಲಾಟ್‌ಗೂ ಅಫ್ಲಾಟಾಕ್ಸಿನ್ (ಬೂಸ್ಟಿನಿಂದ ಹುಟ್ಟೋ ವಿಷ) ಟೆಸ್ಟ್. ಸೂರ್ಯಕಾಂತಿ ಗಿಡ ಮಣ್ಣಿನಿಂದ ಕ್ಯಾಡ್ಮಿಯಂ ಅನ್ನೋ ವಿಷಕಾರಿ ಲೋಹ ಎಳ್ಕೊಳ್ಳೋ ಗುಣದ್ದು, ಹಾಗಾಗಿ ಬೀಜ ಬರೋ ಜಾಗ ಬದಲಾದಾಗೆಲ್ಲ ಕ್ಯಾಡ್ಮಿಯಂ ಟೆಸ್ಟ್‌ನೂ ಸೇರಿಸಿದ್ವಿ. ಇದು ಹೆಕ್ಸೇನ್ ಅನ್ನೋ ಸಾಲ್ವೆಂಟ್ (ಎಣ್ಣೆ ಕರಗಿಸೋ ದ್ರವ) ಹಾಕಿ ಎಣ್ಣೆ ತೆಗೆದ ಹಿಂಡಿ ಅಲ್ಲ, ಬರೀ ಒತ್ತಿ ತೆಗೆದಿದ್ದು, ಹಾಗಾಗಿ ಸಾಲ್ವೆಂಟ್ ಉಳಿಕೆ ತಲೆನೋವು ಇರ್ಲಿಲ್ಲ. ಆದ್ರೆ ಒತ್ತಿ ತೆಗೆದಿದ್ರಲ್ಲಿ ಎಣ್ಣೆ ಸಾಕಷ್ಟು ಉಳಿದಿರುತ್ತೆ, ಸೂರ್ಯಕಾಂತಿ ಎಣ್ಣೆ ಬೇಗ ಕಮಟು ಹಿಡಿಯುತ್ತೆ, ಅದಕ್ಕೆ ಹಿಂಡಿಯನ್ನ ವಾರಗಟ್ಟಲೆ ಇಟ್ಕೊಳ್ಳೋದು ಬೇಡ, ಗಾಣ ಓಡಿದ ದಿನವೇ ಪುಡಿ ಮಾಡಿ ಬಳಸೋದು ಅಂತ ತೀರ್ಮಾನ ಆಯ್ತು.

ಸಿಪ್ಪೆ ವಿಷಯದಲ್ಲಿ ಗಾಣದವರಿಂದ ನಾನು ಕಲಿತೆ. ಪೂರ್ತಿ ಸಿಪ್ಪೆ ತೆಗೆದು ಹಾಕಿ ಅಂದೆ. ಅವರು ಬರಲ್ಲ ಅಂದ್ರು. ಸಿಪ್ಪೆನೇ ಇಲ್ದಿದ್ರೆ ಬೀಜ ಗಾಣದೊಳಗೆ ಜಾರಿ ಮುದ್ದೆಯಾಗುತ್ತೆ, ಹಿಡಿತ ಸಿಗಲ್ಲ, ಎಣ್ಣೆ ಹರಿದು ಬರೋಕೆ ದಾರಿನೂ ಇರಲ್ಲ. ಪ್ರಯತ್ನ ಮಾಡಿ ನೋಡಿದ್ವಿ, ಅವರು ಹೇಳಿದ್ದೇ ನಿಜ. ಆಮೇಲೆ ಸ್ವಲ್ಪ ಸಿಪ್ಪೆ ಬಿಟ್ಟು ಒತ್ತಿ, ಹಿಂಡಿಯನ್ನ ಪುಡಿ ಮಾಡಿದ್ಮೇಲೆ ಜರಡಿ ಹಿಡಿಯೋದು ಅಂತ ಮಾಡಿದ್ವಿ. ಸಿಪ್ಪೆ ಗಟ್ಟಿ ನಾರು, ದಪ್ಪವಾಗೇ ಉಳಿದು ಜರಡಿ ಮೇಲೆ ನಿಲ್ಲುತ್ತೆ, ತಿರುಳು ನುಣ್ಣಗಾಗಿ ಕೆಳಗೆ ಬೀಳುತ್ತೆ, ಅಲ್ಲಿಗೆ ಪ್ರೋಟೀನ್ ಪ್ರಮಾಣನೂ ಮೇಲೇರುತ್ತೆ. ಜರಡಿ ಮೇಲೆ ಉಳಿದಿದ್ದು ಮೊದಲಿನ ಹಾಗೇ ದನಗಳಿಗೆ.

ಈಗ ಹಸಿರಿನ ವಿಷಯಕ್ಕೆ ಬರ್ತೀನಿ. ಮೊದಲ ಫಾರ್ಮುಲಾದಲ್ಲಿ ಗೋಧಿ ಹಿಟ್ಟಿನ ಐದನೇ ಒಂದು ಭಾಗ ತೆಗೆದು ಹಿಂಡಿ ಹಿಟ್ಟು ಹಾಕಿದ್ವಿ, ಉಳಿದಿದ್ದೆಲ್ಲ ಅವರ ಹಳೇ ಸಿಹಿ ಬಿಸ್ಕೆಟ್‌ದೇ, ಅಂದ್ರೆ ಸಕ್ಕರೆ, ಕೊಬ್ಬು, ಅಡುಗೆ ಸೋಡಾ. ತಪ್ಪಿದ್ದು ಸೋಡಾದಲ್ಲಿ. ಸೂರ್ಯಕಾಂತಿ ತಿರುಳಲ್ಲಿ ಕ್ಲೋರೋಜೆನಿಕ್ ಆಸಿಡ್ ಅಂತ ಒಂದು ಪಾಲಿಫಿನಾಲ್ (ಗಿಡಗಳಲ್ಲಿರೋ ಒಂದು ಬಗೆಯ ರಾಸಾಯನಿಕ) ಇದೆ, ಎಣ್ಣೆ ತೆಗೆದ ಹಿಟ್ಟಲ್ಲಿ ಅದು 1ರಿಂದ 4 ಪರ್ಸೆಂಟ್‌ವರೆಗೂ ಇರುತ್ತೆ, ಕಾಫಿಯಲ್ಲಿ ಇರೋದೂ ಇದೇ. ಸೋಡಾ ಸೇರಿ ಹಿಟ್ಟು ಕ್ಷಾರೀಯವಾದ್ರೆ (ಹುಳಿಗೆ ವಿರುದ್ಧ ಗುಣ ಬಂದ್ರೆ) ಇದು ಗಾಳಿ ತಾಗಿ ಆಕ್ಸಿಡೈಸ್ ಆಗಿ ಕ್ವಿನೋನ್ ಆಗುತ್ತೆ, ಆ ಕ್ವಿನೋನ್ ಹೋಗಿ ಪ್ರೋಟೀನ್‌ನ ಅಮೈನೋ ತುದಿಗಳಿಗೆ, ಮುಖ್ಯವಾಗಿ ಲೈಸಿನ್ ಅನ್ನೋ ಅಮೈನೋ ಆಸಿಡ್‌ಗೆ (ಅಮೈನೋ ಆಸಿಡ್ ಅಂದ್ರೆ ಪ್ರೋಟೀನ್ ಕಟ್ಟಿರೋ ಬಿಡಿ ಇಟ್ಟಿಗೆ), ಅಂಟಿಕೊಳ್ಳುತ್ತೆ, ಹಾಗೆ ಅಂಟಿಕೊಂಡಾಗ ಬರೋ ಬಣ್ಣವೇ ಆ ಹಸಿರು. ಓವನ್‌ನಿಂದ ತೆಗೆದಾಗ ಕಾಣಲ್ಲ, ತಣ್ಣಗಾಗ್ತಾ ಗಂಟೆಗಟ್ಟಲೆ ನಿಧಾನಕ್ಕೆ ಏರುತ್ತೆ.

ಇದನ್ನ ಯಜಮಾನ್ರಿಗೂ ಬೇಕರಿಯವರಿಗೂ ಬಾಯಲ್ಲಿ ಹೇಳಿ ನಂಬಿಸೋದು ಕಷ್ಟ ಅಂತ ಎರಡು ಗಾಜಿನ ಲೋಟ ತಗೊಂಡೆ. ಎರಡಕ್ಕೂ ಒಂದೊಂದು ಚಮಚ ಹಿಂಡಿ ಹಿಟ್ಟು, ನೀರು. ಒಂದಕ್ಕೆ ಚಿಟಿಕೆ ಸೋಡಾ, ಇನ್ನೊಂದಕ್ಕೆ ನಾಲ್ಕು ಹನಿ ನಿಂಬೆರಸ. ಸೋಡಾ ಹಾಕಿದ್ದು ಮೊದಲು ಹಳದಿಗೆ ತಿರುಗಿತು, ಕಲಕ್ತಾ ಕಲಕ್ತಾ ಮೇಲಿನ ನೊರೆಯ ಅಂಚಿನಿಂದ ಹಸಿರು ಶುರುವಾಯ್ತು, ಯಾಕಂದ್ರೆ ಗಾಳಿ ತಾಗೋದು ಅಲ್ಲೇ. ಊಟ ಮಾಡ್ಕೊಂಡು ಬಂದು ನೋಡಿದ್ರೆ ಇಡೀ ಲೋಟ ಕಡುಹಸಿರು. ನಿಂಬೆ ಹಾಕಿದ್ದು ಇದ್ದ ಹಾಗೇ, ಬೂದು ಬಿಳಿ. ಬೇಕರಿ ಹುಡುಗ ಎರಡೂ ಲೋಟನ ಕಿಟಕಿ ಹತ್ರ ಎತ್ತಿ ಹಿಡ್ಕೊಂಡು ಬಹಳ ಹೊತ್ತು ನೋಡ್ತಾ ನಿಂತಿದ್ದ, ಆಮೇಲೆ ಅವನೇ "ಹಾಗಿದ್ರೆ ಸೋಡಾ ಬಿಟ್ಬಿಡೋಣ" ಅಂದ.

ಹಸಿರು ಬಣ್ಣ ವಿಷ ಏನಲ್ಲ, ತಿಂದ್ರೆ ತೊಂದರೆ ಇಲ್ಲ ಅಂತ ಕೆಲವರು ಹೇಳ್ತಾರೆ, ಮನೆಯಲ್ಲಿ ಒಂದ್ಸಲ ಮಾಡ್ಕೊಂಡು ತಿನ್ನೋರಿಗೆ ಆ ಮಾತು ಸಾಕು. ಆದ್ರೆ ಪ್ರೋಟೀನ್‌ಗೋಸ್ಕರ ಅಂತಾನೇ ಮಾಡೋ ಬಿಸ್ಕೆಟ್‌ನಲ್ಲಿ ಅದನ್ನ ಹಾಗೆ ಬಿಡೋಕಾಗಲ್ಲ. ಹಸಿರಾಯ್ತು ಅಂದ್ರೆ ಅಷ್ಟು ಲೈಸಿನ್ ಸಿಕ್ಕಿಹಾಕ್ಕೊಂಡಿದೆ ಅಂತ ಅರ್ಥ, ಮತ್ತು ಗೋಧಿಯಲ್ಲೂ ಸೂರ್ಯಕಾಂತಿಯಲ್ಲೂ ಕೊರತೆ ಇರೋ ಅಮೈನೋ ಆಸಿಡ್ ಅದೇ ಲೈಸಿನ್. ಮೊದಲೇ ಕಮ್ಮಿ ಇರೋದನ್ನ ಇನ್ನಷ್ಟು ಕಳ್ಕೊಂಡ ಹಾಗೆ.

ಇಲ್ಲಿ ಲೆಕ್ಕ ಹಾಕಿ ನೋಡೋದು ಒಳ್ಳೇದು, ಯಾಕಂದ್ರೆ ಪ್ಯಾಕೆಟ್ ಮೇಲಿನ ಪ್ರೋಟೀನ್ ಸಂಖ್ಯೆ ನೋಡಿ ಎಲ್ಲರೂ ಖುಷಿಪಡೋದು ಇಲ್ಲೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) 2013ರಲ್ಲಿ ಪ್ರಕಟಿಸಿದ ವರದಿ ಪ್ರಕಾರ 3 ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಒಂದು ಗ್ರಾಂ ಪ್ರೋಟೀನ್‌ನಲ್ಲಿ 48 ಮಿಗ್ರಾಂ ಲೈಸಿನ್ ಇರ್ಬೇಕು. ಗೋಧಿ ಹಿಟ್ಟಿನ ಪ್ರೋಟೀನ್‌ನಲ್ಲಿ ಸುಮಾರು 25 ಇರುತ್ತೆ, ಸೂರ್ಯಕಾಂತಿಯಲ್ಲಿ 36 ಹತ್ರ. ನಮ್ಮ ಮೊದಲ ಮಿಶ್ರಣ ತಗೊಳ್ಳಿ, 80 ಗ್ರಾಂ ಗೋಧಿ ಹಿಟ್ಟಿಂದ 8 ಗ್ರಾಂ ಪ್ರೋಟೀನ್, 20 ಗ್ರಾಂ ಹಿಂಡಿ ಹಿಟ್ಟಿಂದ ಇನ್ನೊಂದು 8 ಗ್ರಾಂ, ಒಟ್ಟು 16, ಗೋಧಿ ಒಂದೇ ಇದ್ದಾಗ 10 ಇತ್ತು. ಕೇಳೋಕೆ ಭಾರೀ ಅನ್ಸುತ್ತೆ. ಲೈಸಿನ್ ಲೆಕ್ಕ ಹಾಕಿದ್ರೆ ಒಂದು ಗ್ರಾಂ ಪ್ರೋಟೀನ್‌ಗೆ 30 ಚಿಲ್ಲರೆ ಮಿಗ್ರಾಂ, ಬೇಕಾಗಿರೋದರ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಕಮ್ಮಿ. ಅದೂ ಬೇಯಿಸೋಕೆ ಮೊದಲಿನ ಲೆಕ್ಕ, ಜೀರ್ಣ ಆಗೋದನ್ನೂ ಸೇರಿಸಿಲ್ಲ. ಸಕ್ಕರೆ ಜೊತೆ ಓವನ್‌ನಲ್ಲಿ ಕೆಂಪಗಾಗುವಾಗ ಮೈಲಾರ್ಡ್ ರಿಯಾಕ್ಷನ್‌ನಲ್ಲಿ ಹೋಗೋದೂ ಲೈಸಿನ್ನೇ. ಮೇಲಿಂದ ಸೋಡಾ ಹಾಕಿ ಹಸಿರು ಮಾಡಿದ್ರೆ ಇನ್ನಷ್ಟು ಹೋಯ್ತು.

ಲ್ಯಾಬ್ ರಿಪೋರ್ಟ್ ಓದುವಾಗ ಇನ್ನೊಂದು ವಿಷಯ ನೆನಪಿಡ್ಬೇಕು. ಲ್ಯಾಬ್‌ನವರು ಅಳೆಯೋದು ನೈಟ್ರೋಜನ್, ಅದನ್ನ 6.25ರಿಂದ ಗುಣಿಸಿ ಪ್ರೋಟೀನ್ ಅಂತ ಬರೀತಾರೆ, ಲೇಬಲ್‌ಗೂ ಸಾಮಾನ್ಯವಾಗಿ ಅದೇ ಪದ್ಧತಿ. ಆದ್ರೆ ಸೂರ್ಯಕಾಂತಿ ಬೀಜಕ್ಕೆ ಅಂತಾನೇ ಇರೋ ಹಳೇ ಗುಣಕ, ಜೋನ್ಸ್ ಫ್ಯಾಕ್ಟರ್ ಅಂತಾರೆ, 5.30. ಅದನ್ನ ಹಿಡಿದ್ರೆ ರಿಪೋರ್ಟ್‌ನ 40 ಪರ್ಸೆಂಟ್ 34ಕ್ಕೆ ಇಳಿಯುತ್ತೆ. ನಾವು ಲೇಬಲ್‌ಗೆ ಒಂದು, ನಮ್ಮ ಒಳಗಿನ ಪೌಷ್ಟಿಕತೆ ಲೆಕ್ಕಕ್ಕೆ ಇನ್ನೊಂದು ಅಂತ ಎರಡೂ ಬರೆದಿಟ್ಕೊಂಡ್ವಿ.

ಲೈಸಿನ್ ಕೊರತೆ ತುಂಬೋಕೆ ದ್ವಿದಳ ಧಾನ್ಯನೇ ಬೇಕು. ಒಣ ಬಟಾಣಿ ಬೇಳೆ ಮಾಡೋ ಮಿಲ್ಲಲ್ಲಿ ಒಡೆದ ನುಚ್ಚು ಉಳಿಯುತ್ತೆ, ಅದೂ ಮೇವಿಗೆ ಹೋಗೋ ಮಾಲೇ, ಪ್ರೋಟೀನ್ 23 ಪರ್ಸೆಂಟ್ ಆಸುಪಾಸು, ಲೈಸಿನ್ ಒಂದು ಗ್ರಾಂ ಪ್ರೋಟೀನ್‌ಗೆ 70 ಹತ್ರ. ಬಟಾಣಿಯಲ್ಲಿ ಕಮ್ಮಿ ಇರೋ ಗಂಧಕದ ಅಮೈನೋ ಆಸಿಡ್‌ಗಳು, ಅಂದ್ರೆ ಮೆಥಿಯೋನಿನ್, ಸಿಸ್ಟೀನ್, ಸೂರ್ಯಕಾಂತಿಯಲ್ಲಿ ಧಾರಾಳ. ಒಂದಕ್ಕೊಂದು ಜೋಡಿ. 65 ಗ್ರಾಂ ಗೋಧಿ, 15 ಹಿಂಡಿ ಹಿಟ್ಟು, 20 ಬಟಾಣಿ ನುಚ್ಚಿನ ಹಿಟ್ಟು ಅಂತ ಇಟ್ಟಾಗ ಪ್ರೋಟೀನ್ 17 ಗ್ರಾಂ, ಲೈಸಿನ್ 41, ಅಂದ್ರೆ ಬೇಕಾದ್ದರಲ್ಲಿ 85 ಪರ್ಸೆಂಟ್. ಹಿಂಡಿ ಕಮ್ಮಿ ಹಾಕಿ ಫಲ ಜಾಸ್ತಿ ಸಿಕ್ತು. ಬಟಾಣಿಯ ಹಸಿ ವಾಸನೆ ಹೋಗೋಕೂ, ಟ್ರಿಪ್ಸಿನ್ (ಹೊಟ್ಟೆಯಲ್ಲಿ ಪ್ರೋಟೀನ್ ಜೀರ್ಣಿಸೋ ಕಿಣ್ವ) ತಡೆಯೋ ಅಂಶ ಕುಗ್ಗೋಕೂ ನುಚ್ಚನ್ನ ಹಬೆಯಲ್ಲಿ ಬೇಯಿಸಿ ಒಣಗಿಸಿ ಹಿಟ್ಟು ಮಾಡಿದ್ವಿ.

ಸೋಡಾ ಬದಲು ಸಿಟ್ರಿಕ್ ಆಸಿಡ್ ಸೇರಿಸಿದ ಬೇಕಿಂಗ್ ಪೌಡರ್ ಹಾಕಿ ಹಿಟ್ಟಿನ ಪಿಹೆಚ್ (ಹುಳಿ, ಕ್ಷಾರ ಅಳೆಯೋ ಸಂಖ್ಯೆ) 7ರ ಕೆಳಗೆ, ಅಂದ್ರೆ ಹುಳಿ ಕಡೆಗೆ, ಇಟ್ವಿ. ಹಸಿರು ನಿಂತುಹೋಯ್ತು. ಮೂರು ದಿನ ಬಿಟ್ಟು ಮುರಿದ್ರೂ ಒಳಗೆ ಕಂದು ಬಣ್ಣನೇ. ಆದ್ರೆ ರುಚಿ ಕೂಡ್ಲಿಲ್ಲ, ಸಿಹಿ ಬಿಸ್ಕೆಟ್‌ನಲ್ಲಿ ಹುಳಿ, ಕೊನೆಗೆ ನಾಲಿಗೆ ಮೇಲೆ ಒಗರು. ಸಕ್ಕರೆ ಜಾಸ್ತಿ ಮಾಡಿ ಮುಚ್ಚೋಣ ಅಂತ ಒಬ್ಬರು ಸಲಹೆ ಕೊಟ್ರು, ನಾನು ಖಡಾಖಂಡಿತ ಬೇಡ ಅಂದೆ, ಮಕ್ಕಳಿಗೆ ಪೌಷ್ಟಿಕ ಅಂತ ಹೇಳಿ ಸಕ್ಕರೆ ತುರುಕೋದು ನನ್ನ ಮನಸ್ಸಿಗೆ ಒಪ್ಪಲ್ಲ.

ಹಾಗಾದ್ರೆ ಹಿಂಡಿಯಿಂದ ಶುದ್ಧ ಪ್ರೋಟೀನ್ ಮಾತ್ರ ಬೇರೆ ಮಾಡ್ಕೊಂಡ್ರೆ ಹೇಗೆ ಅಂತಾನೂ ಮಾತು ಬಂತು. ಸಾಮಾನ್ಯ ವಿಧಾನ ಅಂದ್ರೆ ಕ್ಷಾರದ ನೀರಲ್ಲಿ ಪ್ರೋಟೀನ್ ಕರಗಿಸಿ, ಆಮೇಲೆ ಹುಳಿ ಮಾಡಿ ತಳಕ್ಕೆ ಇಳಿಸೋದು. ಸೂರ್ಯಕಾಂತಿಗೆ ಅದೇ ಮಾಡಿದ್ರೆ ಆ ಸೋಡಾ ಲೋಟದಲ್ಲಿ ಆಗಿದ್ದೇ ದೊಡ್ಡ ಟ್ಯಾಂಕ್‌ನಲ್ಲಿ ಆಗುತ್ತೆ. ತಪ್ಪಿಸೋ ದಾರಿಗಳಿವೆ, ಆದ್ರೆ ನೀರು, ಒಣಗಿಸೋ ಖರ್ಚು, ಉಳಿಯೋ ಕೊಳೆ ನೀರು ಎಲ್ಲಾ ಸೇರಿ ಸಣ್ಣ ಯೂನಿಟ್‌ಗೆ ಆಗೋ ಕೆಲಸ ಅಲ್ಲ. ಅಲ್ಲಿಗೆ ಬಿಟ್ವಿ.

ಆಮೇಲೆ ಕಬ್ಬಿಣ. ಇದು ನನಗೆ ಹಸಿರಿಗಿಂತ ದೊಡ್ಡ ಸಮಸ್ಯೆ, ಯಾಕಂದ್ರೆ ಕಣ್ಣಿಗೆ ಕಾಣಲ್ಲ. ಪ್ಯಾಕೆಟ್ ಮೇಲೆ ಕಬ್ಬಿಣ ಇಷ್ಟು ಮಿಗ್ರಾಂ ಅಂತ ಬರೆದು, ಲ್ಯಾಬ್‌ನಲ್ಲೂ ಅಷ್ಟೇ ಬಂದು, ಮಗುವಿನ ಹೊಟ್ಟೆಯಲ್ಲಿ ಮಾತ್ರ ರಕ್ತಕ್ಕೆ ಸೇರದೆ ಹೋಗಬಹುದು. ಎಣ್ಣೆಕಾಳಿನ ಹಿಂಡಿಯಲ್ಲಿ ಫೈಟಿಕ್ ಆಸಿಡ್ ಜಾಸ್ತಿ, ಅದು ಕಬ್ಬಿಣ, ಜಿಂಕ್ ಎರಡನ್ನೂ ಹಿಡಿದಿಟ್ಕೊಳ್ಳುತ್ತೆ, ಕ್ಲೋರೋಜೆನಿಕ್ ಆಸಿಡ್ ಕೂಡ ಕಬ್ಬಿಣಕ್ಕೆ ಅಡ್ಡಿಯೇ. ಹಿಂಡಿ ಹಿಟ್ಟಲ್ಲಿ ಫೈಟಿಕ್ ಆಸಿಡ್ 3 ಪರ್ಸೆಂಟ್ ಅಂತ ಹಿಡಿದ್ರೆ 15 ಗ್ರಾಂನಲ್ಲಿ 450 ಮಿಗ್ರಾಂ ಆಯ್ತು, ನಾವು ಸೇರಿಸ್ಬೇಕು ಅಂದ್ಕೊಂಡಿದ್ದ ಕಬ್ಬಿಣ 4 ಮಿಗ್ರಾಂ, ಎರಡನ್ನೂ ಅಣುಗಳ ಲೆಕ್ಕಕ್ಕೆ ತಿರುಗಿಸಿದ್ರೆ ಒಂದು ಕಬ್ಬಿಣಕ್ಕೆ ಒಂಬತ್ತಕ್ಕೂ ಹೆಚ್ಚು ಫೈಟಿಕ್ ಆಸಿಡ್. ಈ ಅನುಪಾತ ಒಂದಕ್ಕಿಂತ ಕೆಳಗೆ, ಸಾಧ್ಯವಾದ್ರೆ 0.4ಕ್ಕೂ ಕೆಳಗೆ, ಬಂದ್ರೆ ಕಬ್ಬಿಣ ಚೆನ್ನಾಗಿ ಹೀರುತ್ತೆ ಅಂತ ಪೌಷ್ಟಿಕತಜ್ಞರು ಹೇಳೋದು. ನಾವಿದ್ದಿದ್ದು ಎಲ್ಲೋ. ಪ್ರೋಟೀನ್ ಜಾಸ್ತಿ ಮಾಡೋಕೆ ಹಾಕಿದ ವಸ್ತುವೇ ಕಬ್ಬಿಣವನ್ನ ಕಟ್ಟಿಹಾಕ್ತಿತ್ತು, ಇಂಥದ್ದನ್ನ ಒಂದೇ ಬಿಸ್ಕೆಟ್‌ನಲ್ಲಿ ಎರಡೂ ಹಾಕಿ ಅಂತ ಕೇಳೋರೂ ಮಾಡೋರೂ ಯೋಚಿಸೋದೇ ಕಮ್ಮಿ.

ಮೊದಲು ಕಬ್ಬಿಣಕ್ಕೆ ಅಂತ ಹಾಕಿ ನೋಡಿದ್ದ ಫೆರಸ್ ಸಲ್ಫೇಟ್‌ನ ತಕ್ಷಣ ಕೈಬಿಟ್ವಿ. ಅದು ಪಾಲಿಫಿನಾಲ್ ಜೊತೆ ಸೇರಿ ಬಿಸ್ಕೆಟ್‌ನ ಕಪ್ಪಗೆ ಮಾಡ್ತಿತ್ತು, ಹಿಂಡಿಯಲ್ಲಿ ಉಳಿದ ಎಣ್ಣೆ ಬೇಗ ಕಮಟಾಗೋಕೂ ಕುಮ್ಮಕ್ಕು ಕೊಡ್ತಿತ್ತು. ಅದರ ಬದಲು ಸೋಡಿಯಂ ಐರನ್ ಇಡಿಟಿಎ. ಫೈಟಿಕ್ ಆಸಿಡ್ ಜಾಸ್ತಿ ಇರೋ, ತೌಡು ಹೆಚ್ಚು ತೆಗೆಯದ ಹಿಟ್ಟುಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಶಿಫಾರಸು ಮಾಡಿದ ಕಬ್ಬಿಣದ ರೂಪ ಇದು. ಇದಕ್ಕೂ ಮಿತಿ ಇದೆ, ದಿನಕ್ಕೆ ದೇಹದ ಒಂದು ಕೆಜಿ ತೂಕಕ್ಕೆ 0.2 ಮಿಗ್ರಾಂ ಕಬ್ಬಿಣ ದಾಟಬಾರದು, ಅಂದ್ರೆ 15 ಕೆಜಿ ಮಗುವಿಗೆ 3 ಮಿಗ್ರಾಂ. ಹಾಗಾಗಿ ನಾವಂದ್ಕೊಂಡಿದ್ದ 4 ಮಿಗ್ರಾಂನೇ ಜಾಸ್ತಿ ಅಂತ ಆಯ್ತು, ಮಗು ದಿನಕ್ಕೆ ತಿನ್ನೋ ಪಾಲಿಗೆ 2 ಮಿಗ್ರಾಂಗೆ ಇಳಿಸಿದ್ವಿ, ಬೇರೆ ಆಹಾರದಲ್ಲೂ ಇದೇ ಕಬ್ಬಿಣ ಇರಬಹುದಲ್ಲ ಅಂತ.

ಉಳಿದಿದ್ದು ಫೈಟಿಕ್ ಆಸಿಡ್ ಇಳಿಸೋದು. ಹುದುಗು ಬರಿಸೋಣ ಅಂತ ಹೇಳಿದ್ದು ನಾನಲ್ಲ, ಬೇಕರಿಯ ಹಿರಿಯ ಮೇಸ್ತ್ರಿ. "ಸೋಡಾ ಬೇಡ, ಸಕ್ಕರೆ ಬೇಡ ಅಂತೀರಿ, ಹಾಗಾದ್ರೆ ಸಿಹಿ ಬಿಸ್ಕೆಟ್ ಯಾಕೆ ಮಾಡ್ಬೇಕು ಸರ್, ಹುಳಿ ಹಿಟ್ಟಿನ ಖಾರಾ ಬಿಸ್ಕೆಟ್ ಮಾಡಿ" ಅಂದ್ರು. ಒಂದೇ ಮಾತಲ್ಲಿ ಮೂರು ಗಂಟು ಬಿಚ್ಚಿತು. ಹುಳಿ ಬಂದ ಹಿಟ್ಟು ತಾನಾಗೇ ಆಮ್ಲೀಯ, ಹಸಿರಾಗಲ್ಲ. ಗೋಧಿಯಲ್ಲೇ ಇರೋ ಫೈಟೇಸ್ ಅನ್ನೋ ಕಿಣ್ವ ಪಿಹೆಚ್ 5ರ ಆಸುಪಾಸಲ್ಲಿ ಚೆನ್ನಾಗಿ ಕೆಲಸ ಮಾಡಿ ಫೈಟಿಕ್ ಆಸಿಡ್ ಒಡೆಯುತ್ತೆ. ಸಕ್ಕರೆ ಇಲ್ಲದ್ದರಿಂದ ಓವನ್‌ನಲ್ಲಿ ಲೈಸಿನ್ ಹಾಳಾಗೋದೂ ಕಮ್ಮಿ. ಮತ್ತೆ ಆ ಒಗರು, ಸಿಹಿಯಲ್ಲಿ ಕೆಟ್ಟದಾಗಿ ಎದ್ದು ಕಾಣ್ತಿದ್ದದ್ದು, ಜೀರಿಗೆ ಮೆಣಸಿನ ಜೊತೆ ಸೇರಿದಾಗ ಗೊತ್ತೇ ಆಗ್ಲಿಲ್ಲ.

ರಾತ್ರಿ ಕಲಸಿ, ಬೆಳಿಗ್ಗೆ ಲಟ್ಟಿಸಿ, ತೂತು ಹಾಕಿ, ತೆಳ್ಳಗೆ ಬೇಯಿಸೋದು. ಮೊದಲ ವಾರ ಒಂದು ಬ್ಯಾಚ್ ಮತ್ತೆ ಹಸಿರು ಬಂತು, ಎಲ್ಲರಿಗೂ ಗಾಬರಿ. ವಿಚಾರಿಸಿದ್ರೆ, ಹುಳಿ ಹಿಟ್ಟಿನ ಬಿಸ್ಕೆಟ್ ಮಾಡುವಾಗ ಕೊನೆಗೆ ಸೋಡಾ ಹಾಕಿ ಹುಳಿ ಮುರಿಯೋದು ಹಳೇ ರೂಢಿ, ರಾತ್ರಿ ಪಾಳಿಯವರು ಅಭ್ಯಾಸಬಲದಿಂದ ಹಾಕಿಬಿಟ್ಟಿದ್ರು. ಅವತ್ತಿಂದ ಸೋಡಾ ಡಬ್ಬ ಆ ಮೇಜಿನ ಮೇಲೆ ಇರೋ ಹಾಗಿಲ್ಲ, ಪಿಹೆಚ್ ಪಟ್ಟಿ ಅದ್ದಿ ನೋಡದೆ ಹಿಟ್ಟು ಲಟ್ಟಿಸೋ ಹಾಗಿಲ್ಲ.

ಹುದುಗು ಬರಿಸಿದ್ರೂ ಫೈಟಿಕ್ ಆಸಿಡ್ ಪೂರ್ತಿ ಹೋಗಲ್ಲ, ಅನುಪಾತ ಒಂದರ ಕೆಳಗೆ ಬಂತು ಅಂತ ಹೇಳೋ ಧೈರ್ಯ ನನಗಿಲ್ಲ, ಅದಕ್ಕೇ ಇಡಿಟಿಎ ಕಬ್ಬಿಣ ಹಾಗೇ ಉಳಿಸಿಕೊಂಡಿದ್ದೀವಿ. ಪ್ಯಾಕೆಟ್ ಮೇಲೆ ಪ್ರೋಟೀನ್ ಎಷ್ಟು, ಕಬ್ಬಿಣ ಎಷ್ಟು, ಯಾವ ರೂಪದ ಕಬ್ಬಿಣ, ಗೋಧಿ, ಬಟಾಣಿ, ಸೂರ್ಯಕಾಂತಿ ಇದೆ ಅನ್ನೋ ಅಲರ್ಜಿ ಸೂಚನೆ, ಇಷ್ಟು ಮಾತ್ರ ಹಾಕಿದ್ದು. ರಕ್ತಹೀನತೆ ಹೋಗುತ್ತೆ ಅಂತ ಒಂದು ಸಾಲು ಸೇರಿಸಿ ಅಂತ ತಗೊಳ್ಳೋರು ಕೇಳಿದ್ರು. ಯಜಮಾನ್ರು ನನ್ನ ಮುಖ ನೋಡಿದ್ರು, ನಾನು ತಲೆ ಅಲ್ಲಾಡಿಸಿದೆ, ಅವರೇ ಫೋನಲ್ಲಿ "ಅದನ್ನ ಮಕ್ಕಳ ರಕ್ತ ಪರೀಕ್ಷೆ ಮಾಡಿದ ಡಾಕ್ಟ್ರು ಹೇಳ್ಬೇಕು, ನಾವಲ್ಲ" ಅಂದ್ರು.

ಕಳೆದ ಸಲ ಹೋದಾಗ ಗಾಣದವರು ಹಿಂಡಿ ಬೀಳೋ ತಟ್ಟೆ ಮೇಲೆ ತಾವೇ ಒಂದು ಮುಚ್ಚಳ ಮಾಡಿಸಿ ಹಾಕಿಸಿದ್ರು. ಒಳಗೆ ಕಾಲಿಡೋ ಮುಂಚೆ ಚಪ್ಪಲಿ ಹೊರಗೆ ಬಿಡಿ ಅಂತ ನನಗೇ ಹೇಳಿದ್ರು, ಬಿಟ್ಟೆ.